ಬಳಸಿದ ಟೆಲಿಫೋಟೋ ಲೆನ್ಸ್ ಕೊಳ್ಳುವ ಮುನ್ನ ಒಳಗಾಜಿಗೆ ಟಾರ್ಚ್ ಬಿಡಿ

ಹಕ್ಕಿಗಳ ಚಿತ್ರ ತೆಗೆಯಲೆಂದು ಕಡಿಮೆ ಬೆಲೆಯ, ಬಳಸಿದ ಲೆನ್ಸ್ ಹುಡುಕುತ್ತಿರುವ ಕೊಡಗಿನವರು, ಅದರಲ್ಲೂ ಫೋಟೋ ನೋಡಿ ಮೊದಲೇ ಪೂರ್ತಿ ಹಣ ಕಳಿಸಲು ಹೊರಟವರು, ದಯವಿಟ್ಟು ಇದನ್ನು ಓದಬೇಕು.

ಹೊರ ಊರಿನ ಅಂಗಡಿಯೊಂದು 150-600 ಮಿ.ಮೀ. ಜೂಮ್ ಲೆನ್ಸನ್ನು ‘ಹೊಸದರಂತೆಯೇ ಇದೆ’ ಎಂದು ಹೇಳಿ, ಜೊತೆಗೆ 2 ಪಟ್ಟಿನ ಟೆಲಿಕನ್ವರ್ಟರ್ (ಲೆನ್ಸ್ ಮತ್ತು ಕ್ಯಾಮೆರಾದ ನಡುವೆ ಸಿಕ್ಕಿಸಿ ಚಿತ್ರವನ್ನು ದೊಡ್ಡದು ಮಾಡುವ ಸಾಧನ) ಉಚಿತವೆಂದು ಆಸೆ ತೋರಿಸಿ ನನಗೆ ಮಾರಿತು. ಅವರು ಕಳಿಸಿದ್ದ ಫೋಟೋಗಳಲ್ಲಿ ಹೊರಕವಚದ ಮೇಲೆ ಒಂದು ಗೀರೂ ಇರಲಿಲ್ಲ. ಒಳಗಿನ ಗಾಜನ್ನು ತೋರಿಸುವ ಫೋಟೋ ಮಾತ್ರ ಒಂದೂ ಇರಲಿಲ್ಲ. ಮಾರ್ಚ್ ತಿಂಗಳಲ್ಲಿ ಕೊರಿಯರ್ ಮೂಲಕ ಕುಶಾಲನಗರಕ್ಕೆ ಬಂದ ಲೆನ್ಸನ್ನು ಅಂದೇ ಸಂಜೆ ತೋಟದಲ್ಲಿ ಹಿಡಿದಾಗ, ಸಿಲ್ವರ್ ಓಕ್ ಮರದಲ್ಲಿ ಕುಳಿತಿದ್ದ ಮಂಗಟ್ಟೆಯ ಚಿತ್ರ ಗರಿಗಳ ಗೆರೆಯೇ ಕಾಣದಷ್ಟು ಬಿಳಿಚಿಕೊಂಡು ಬಂತು. ರಾತ್ರಿ ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿದರೆ, ಗಾಜಿನ ಅಂಚಿನಿಂದ ನಡುವಿನವರೆಗೆ ಫಂಗಸ್ ಜೇಡರ ಬಲೆಯ ಎಳೆಗಳಂತೆ ಕವಲೊಡೆದು ಹಬ್ಬಿತ್ತು.

ಅಂಗಡಿಯವರು ಮೊದಲು ‘ಅದು ಬರೀ ಧೂಳು ಸಾರ್’ ಎಂದರು. ಫೋಟೋ ಕಳಿಸಿದ ಮೇಲೆ ‘ನಿಮ್ಮ ಕೊಡಗಿನ ಮಳೆಗೆ ಹಾಗಾಗಿರಬೇಕು’ ಎಂದರು. ಮಾರ್ಚಿನ ಬಿಸಿಲಿನಲ್ಲಿ ಒಂದೇ ಸಂಜೆಗೆ ಫಂಗಸ್ ಬೆಳೆಯುವುದಾದರೆ, ಕಕ್ಕಡದ ಮಳೆಯಲ್ಲಿ ನಮ್ಮ ಕನ್ನಡಕಗಳೂ ಉಳಿಯುತ್ತಿರಲಿಲ್ಲ. ಫಂಗಸ್ ಹೊರಹಾಕುವ ಆಮ್ಲವು ಗಾಜಿನ ಮೇಲಿನ ಲೇಪನವನ್ನು ಒಮ್ಮೆ ಕೊರೆದುಬಿಟ್ಟರೆ, ಲೆನ್ಸ್ ಬಿಚ್ಚಿ ಒರೆಸಿದರೂ ಆ ಕಲೆ ಹೋಗುವುದಿಲ್ಲ. ರಿಪೇರಿ ಮಾಡುವವರೂ ಅದನ್ನೇ ಹೇಳಿದರು.

ಉಚಿತ ಕನ್ವರ್ಟರಿನದು ಇನ್ನೊಂದು ಮೋಸ. 600 ಮಿ.ಮೀ. ಲೆನ್ಸ್ 1200 ಆಗುತ್ತದೆ ಎಂಬುದು ಸುಳ್ಳಲ್ಲ, ಆದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿದು ಎಫ್/6.3 ಇದ್ದದ್ದು ಸುಮಾರು ಎಫ್/13 ಆಗುತ್ತದೆ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಒಳಬರುವ ಬೆಳಕು ಕಡಿಮೆ) ಎಂಬುದನ್ನು ಯಾರೂ ಹೇಳುವುದಿಲ್ಲ. ಸಾಮಾನ್ಯ ಡಿಎಸ್‌ಎಲ್‌ಆರ್ ಕ್ಯಾಮೆರಾಗಳ ಆಟೋಫೋಕಸ್ ಎಫ್/5.6 ಅಥವಾ ಎಫ್/8 ದಾಟಿದರೆ ತಡಕಾಡುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಕಾಫಿ ತೋಟದ ನೆರಳಿನಲ್ಲಿ, ಮೋಡ ಕವಿದ ದಿನಗಳಲ್ಲಿ, ಅದು ನಿಷ್ಪ್ರಯೋಜಕ.

ಆದ್ದರಿಂದ ಟಾರ್ಚ್ ಬಿಟ್ಟು ಎರಡೂ ಬದಿಯಿಂದ ತೆಗೆದ ವಿಡಿಯೋವನ್ನು ಮೊದಲು ಕೇಳಿ. ಜೂಮ್ ಪೂರ್ತಿ ಚಾಚಿದಾಗ ತೆಗೆದ, ಎಡಿಟ್ ಮಾಡದ ಚಿತ್ರಗಳನ್ನೂ ಕೇಳಿ. ಕೊಡಲು ಹಿಂಜರಿಯುವವರಿಂದ ಕೊಳ್ಳಬೇಡಿ. ಸಾಧ್ಯವಿದ್ದರೆ ನಿಮ್ಮದೇ ಕ್ಯಾಮೆರಾ ಕೊಂಡೊಯ್ದು ಲೆನ್ಸ್ ಹಾಕಿ ನೋಡಿ, ಆಮೇಲೆ ಹಣ ಕೊಡಿ. ಹಣ ಸಾಲದಿದ್ದರೆ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾಕ್ಕೆ 70-300 ಮಿ.ಮೀ. ಲೆನ್ಸ್ ಸಾಕು, ಹಣ್ಣು ಬಿಟ್ಟ ಆಲದ ಮರದ ಕೆಳಗೆ ತಾಳ್ಮೆಯಿಂದ ಕುಳಿತವರಿಗೆ ಮಂಗಟ್ಟೆ ತಾನಾಗಿಯೇ ಹತ್ತಿರ ಬರುತ್ತದೆ. ಒಳ್ಳೆಯ ಲೆನ್ಸ್ ಸಿಕ್ಕ ಮೇಲೂ ಅದನ್ನು ಚರ್ಮದ ಚೀಲದಲ್ಲಿ ಬಿಡದೆ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿ ತೇವಾಂಶ ಶೇಕಡಾ 40ರಿಂದ 50ರ ನಡುವೆ ಇರುವಂತೆ ಇಡಬೇಕು.

ಪಾರ್ಸೆಲ್ ಬಿಚ್ಚುವಾಗ ತೆಗೆದ ವಿಡಿಯೋ, ಬಿಲ್ಲು ಮತ್ತು ಅಂಗಡಿಯವರ ಸಂದೇಶಗಳನ್ನು ಇಟ್ಟುಕೊಂಡಿದ್ದರಿಂದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವುದು ಸುಲಭವಾಯಿತು. ಹಣ ಇನ್ನೂ ಬಂದಿಲ್ಲ.