ಮಾತ್ರೆಯ ಹಾಳೆಯನ್ನೂ ತಿರುಗಿಸಿ ಓದಿದ ಪ್ರವಾಸ ಕಚೇರಿ

ಮೂವತ್ತೆರಡು ವರ್ಷ ಮಂಡ್ಯದ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟೆ. ಕಪ್ಪು ಹಲಗೆಯ ಮೇಲೆ ನೈಲ್ ನದಿಯನ್ನು ಕೆಳಗಿನಿಂದ ಮೇಲಕ್ಕೆ ಎಳೆದಾಗಲೆಲ್ಲ ಯಾವುದಾದರೂ ಮಗು ಎದ್ದು ನಿಂತು, "ನೀರು ಮೇಲಕ್ಕೆ ಹರಿಯುತ್ತದೆಯಾ ಮಿಸ್?" ಎಂದು ಕೇಳುತ್ತಿತ್ತು. ಈ ಜನವರಿಯಲ್ಲಿ ಆ ನೀರಿಗೆ ಕೈ ಅದ್ದಿ ಬಂದೆ. ನನ್ನನ್ನೂ ನಮ್ಮ ಯಜಮಾನರನ್ನೂ ಈಜಿಪ್ಟಿಗೆ ಕಳುಹಿಸಿದ್ದು ಮೈಸೂರಿನ ಕುವೆಂಪುನಗರದ ಒಂದು ಪುಟ್ಟ ಪ್ರವಾಸ ಕಚೇರಿ. ಹೊಗಳುವುದರ ಜೊತೆಗೆ ದೂರುವುದೂ ಇರುವುದರಿಂದ ಅದರ ಹೆಸರು ಹಾಕುತ್ತಿಲ್ಲ. ಆದರೆ ಅವರು ಏನು ಮಾಡಿದರು, ಏನು ಮಾಡಲಿಲ್ಲ ಎಂಬುದನ್ನು ವಿವರವಾಗಿಯೇ ಬರೆಯುತ್ತೇನೆ. ನಮ್ಮ ವಯಸ್ಸಿನವರು ಯಾರಾದರೂ ಹೊರಡುವುದಿದ್ದರೆ ಉಪಯೋಗಕ್ಕೆ ಬಂದೀತು.

ಮೊದಲು ವೀಸಾ ವಿಷಯ. ಅಮೆರಿಕದಲ್ಲಿರುವ ನನ್ನ ತಮ್ಮನ ಮಗ, "ಕೈರೋದಲ್ಲಿ ಇಳಿದ ಮೇಲೆ ವೀಸಾ ಅಂಟಿಸಿ ಕೊಡುತ್ತಾರೆ ಅತ್ತೆ, ಯೋಚನೆ ಮಾಡಬೇಡಿ" ಎಂದಿದ್ದ. ಅವನಿಗೆ ಹಾಗೆಯೇ ಸಿಕ್ಕಿತ್ತು. ಕಚೇರಿಯ ಮೇಜಿನ ಹಿಂದೆ ಕುಳಿತಿದ್ದ ಹುಡುಗಿ ಇದನ್ನು ಕೇಳಿ, "ಅವರ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಇದೆಯಲ್ಲ ಮೇಡಂ, ಅದಕ್ಕೆ" ಎಂದಳು. ಅಮೆರಿಕ, ಬ್ರಿಟನ್, ಯುರೋಪಿನ ಷೆಂಗೆನ್ ದೇಶಗಳಂಥ ಕಡೆಯ ವೀಸಾ ಚಾಲ್ತಿಯಲ್ಲಿದ್ದು, ಅದನ್ನು ಒಮ್ಮೆ ಬಳಸಿಯೂ ಇರುವ ಭಾರತೀಯರಿಗೆ ಮಾತ್ರ ಆ ಅನುಕೂಲ. ಕಾಶಿ, ರಾಮೇಶ್ವರ ಬಿಟ್ಟರೆ ಬೇರೆಲ್ಲೂ ಹೋಗದ ನಮ್ಮಂಥವರು ಮೊದಲೇ ವೀಸಾ ಪಡೆಯಬೇಕು. ನಮ್ಮ ಕಡತ ಮುಂಬೈಯಲ್ಲಿರುವ ಈಜಿಪ್ಟಿನ ಕಾನ್ಸುಲೇಟಿಗೆ ಹೋಯಿತು.

ಯಜಮಾನರ ಪಾಸ್‌ಪೋರ್ಟಿನ ಅವಧಿ ಮೇ ತಿಂಗಳಿಗೆ ಮುಗಿಯುವುದಿತ್ತು. ಪ್ರಯಾಣ ಜನವರಿಯಲ್ಲಿ ತಾನೇ, ಏನು ತೊಂದರೆ ಎಂದುಕೊಂಡಿದ್ದೆವು. ಆರು ತಿಂಗಳಾದರೂ ಬಾಕಿ ಇರಲೇಬೇಕು ಎಂದು ಅವಳು ಅಲ್ಲೇ ತಡೆದಳು. ನವೀಕರಣ ಮುಗಿಸಿಯೇ ಮುಂದಿನ ಕೆಲಸ. ಬ್ಯಾಂಕಿನ ಆರು ತಿಂಗಳ ಲೆಕ್ಕದ ಹಾಳೆಗಳಲ್ಲಿ ಬ್ಯಾಂಕಿನ ಸೀಲು ಇರಲಿಲ್ಲ. ಆ ಒಂದು ಸೀಲಿಗಾಗಿ ಮಂಡ್ಯಕ್ಕೆ ಹಿಂದಿರುಗಿ ಮತ್ತೆ ಮೈಸೂರಿನ ರೈಲು ಹತ್ತಿದೆ. ಬ್ಯಾಂಕಿನ ಪುಸ್ತಕದಲ್ಲಿ ನನ್ನ ಹೆಸರಿನ ಹಿಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಎರಡಕ್ಷರ ಊರಿನ ಹೆಸರಾಗಿ, ಅಪ್ಪನ ಹೆಸರಾಗಿ ಬಿಡಿಸಿಕೊಂಡಿದೆ. ನಮ್ಮ ಕಡೆ ಯಾರ ಮನೆಯಲ್ಲಿ ಹೀಗಿಲ್ಲ? ಎರಡೂ ಹೆಸರು ಒಬ್ಬಳದೇ ಎಂದು ಅವಳೇ ಪತ್ರ ಸಿದ್ಧಪಡಿಸಿ ನನ್ನ ಸಹಿ ಹಾಕಿಸಿಕೊಂಡಳು. ವಿಮಾನದ ಟಿಕೆಟಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ ಎಂದು ಅಕ್ಷರಕ್ಕೆ ಅಕ್ಷರ ಬೆರಳಿಟ್ಟು ನೋಡಿದಳು.

ನಾನು ಈ ಬರಹಕ್ಕೆ ಕುಳಿತದ್ದೇ ಮುಂದಿನ ಸಂಗತಿಗಾಗಿ. ಕೊನೆಯ ಭೇಟಿಯ ದಿನ ಅವಳು, "ದಿನಾ ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ತಂದಿದ್ದೀರಾ ಮೇಡಂ?" ಎಂದು ಕೇಳಿದಳು. ತರಲು ಫೋನಿನಲ್ಲಿ ಹೇಳಿದ್ದಳು, ಯಾಕೆಂದು ನನಗೆ ತಿಳಿದಿರಲಿಲ್ಲ. ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲೆ ಸುರಿದೆ. ರಕ್ತದೊತ್ತಡದ್ದು, ಸಕ್ಕರೆ ಕಾಯಿಲೆಯದ್ದು, ಥೈರಾಯ್ಡ್, ಗ್ಯಾಸಿನದು. ಒಂದೊಂದೇ ಹಾಳೆಯನ್ನು ತಿರುಗಿಸಿ, ಹಿಂದಿನ ಬೆಳ್ಳಿ ಬಣ್ಣದ ಮೇಲಿನ ಸಣ್ಣ ಅಕ್ಷರಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಓದುತ್ತ ಹೋದಳು. ಯಜಮಾನರ ಮಂಡಿನೋವಿನ ಮಾತ್ರೆ ಬಂದಾಗ ನಿಂತಳು. ಹಾಳೆಯ ಅರ್ಧ ಆಗಲೇ ಖಾಲಿಯಾಗಿತ್ತು, ಔಷಧದ ಹೆಸರಿನ ಮೊದಲರ್ಧ ಹರಿದ ಜಾಗದಲ್ಲಿ ಹೋಗಿತ್ತು. ಉಳಿದದ್ದನ್ನು ಜೋಡಿಸಿ ಓದಿ, "ಇದರಲ್ಲಿ ಟ್ರಾಮಡಾಲ್ ಇದೆ ಸರ್, ಇದನ್ನು ಅಲ್ಲಿಗೆ ಒಯ್ಯಲೇಬೇಡಿ" ಎಂದಳು.

ನಮ್ಮೂರಿನ ಡಾಕ್ಟರು ಬರೆದುಕೊಟ್ಟ ಮಾತ್ರೆ ಅದು, ಹಾಸಿಗೆಯ ಪಕ್ಕದಲ್ಲಿಯೇ ಇರುತ್ತಿತ್ತು. ಈಜಿಪ್ಟಿನಲ್ಲಿ ಟ್ರಾಮಡಾಲನ್ನು ಅಮಲಿನ ಪದಾರ್ಥದಂತೆ ಕಾಣುತ್ತಾರೆ. 2017ರಲ್ಲಿ ಬ್ರಿಟನ್ನಿನ ಮಹಿಳೆಯೊಬ್ಬರು ಇಂಥ 290 ಮಾತ್ರೆಗಳನ್ನು ತಂದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದು, ಮೂರು ವರ್ಷದ ಜೈಲು ಶಿಕ್ಷೆಗೆ ಗುರಿಯಾದರು. ಬೆನ್ನುನೋವಿರುವ ಗೆಳೆಯನಿಗೆಂದು ತಂದೆ ಎಂದು ಅವರು ಹೇಳಿದ್ದು ಉಪಯೋಗಕ್ಕೆ ಬರಲಿಲ್ಲ. ಹುಡುಗಿ ಇದನ್ನು ಹೇಳುತ್ತಿದ್ದಾಗ ಯಜಮಾನರು ತಮ್ಮ ಎರಡೂ ಮಂಡಿಗಳ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ಡಾಕ್ಟರು ಬೇರೆ ಮಾತ್ರೆ ಬರೆದುಕೊಟ್ಟರು. ಉಳಿದವಕ್ಕೆಲ್ಲ ಚೀಟಿ ಬರೆಸಿಕೊಂಡು, ಹಾಳೆಗಳನ್ನು ಕತ್ತರಿಸದೆ ಅವುಗಳ ಪೆಟ್ಟಿಗೆಯಲ್ಲಿಯೇ ಇಟ್ಟುಕೊಂಡು ಹೋದೆವು. ನಾವು ಕೊಟ್ಟ ಹಣವೆಲ್ಲ ಆ ಹತ್ತು ನಿಮಿಷಕ್ಕೇ ಸಂದಿತು ಎಂದು ಈಗಲೂ ಅನ್ನಿಸುತ್ತದೆ.

ಇನ್ನೂ ಕೆಲವು ಬುದ್ಧಿಮಾತುಗಳನ್ನು ಹೇಳಿ ಕಳುಹಿಸಿದರು. ಡ್ರೋನ್ ಬೇಡ, ಅನುಮತಿಯಿಲ್ಲದೆ ಒಯ್ದರೆ ಕಿತ್ತುಕೊಳ್ಳುತ್ತಾರೆ. ಸೇತುವೆ, ಸೈನಿಕರು, ಪೊಲೀಸ್ ಠಾಣೆಗಳ ಫೋಟೋ ತೆಗೆಯಬಾರದು. ಉತ್ತರ ಸಿನಾಯ್ ಮತ್ತು ಲಿಬಿಯಾ ಗಡಿಯ ಕಡೆಗೆ ಯಾರು ಕರೆದರೂ ಹೋಗಬಾರದು. ನಲ್ಲಿ ನೀರು ಬಾಯಿಗೆ ಹಾಕಬಾರದು. ನನಗೆ ಫೆಬ್ರುವರಿ 22ರಂದು, ಈಜಿಪ್ಟಿನ ದಕ್ಷಿಣದಲ್ಲಿ ಬಂಡೆ ಕಡೆದು ಮಾಡಿದ ಗುಡಿಯಿರುವ ಅಬು ಸಿಂಬೆಲ್‌ನಲ್ಲಿರುವ ಆಸೆಯಿತ್ತು. ಆ ದಿನವೂ ಅಕ್ಟೋಬರ್ 22ರಂದೂ ಬೆಳಗಿನ ಬಿಸಿಲು ಗುಡಿಯ ಗರ್ಭಗೃಹದವರೆಗೂ ಹೋಗುತ್ತದೆ. ಈ ವರ್ಷ ಅದು ರಂಜಾನ್ ತಿಂಗಳೊಳಗೆ ಬರುತ್ತದೆ, ನೋಡುವ ಸ್ಥಳಗಳು ಬೇಗ ಮುಚ್ಚುತ್ತವೆ ಎಂದು ಜನವರಿಗೆ ತಂದರು. ಒಪ್ಪಿಕೊಂಡೆ. ಒಂದು ಸಣ್ಣ ಬೇಸರ ಉಳಿದುಕೊಂಡಿದೆ.

ಈಗ ದೂರು. ಅಬು ಸಿಂಬೆಲ್ ನಮ್ಮ ಪ್ರವಾಸದಲ್ಲಿ ಸೇರಿದೆ ಎಂದು ಮೊದಲ ದಿನ ಬಾಯಲ್ಲಿ ಹೇಳಿದ್ದರು. ಆಸ್ವಾನ್ ತಲುಪಿದ ಮೇಲೆ ಅಲ್ಲಿನ ಮಾರ್ಗದರ್ಶಿ, ಅದಕ್ಕೆ ಬೇರೆ ಹಣ, ಇಬ್ಬರಿಗೆ ನೂರೈವತ್ತು ಡಾಲರ್ ಎಂದರು. ಕಾಗದ ತೆಗೆದು ನೋಡಿದರೆ, "ಬೇಕಾದವರು ಅಲ್ಲಿಯೇ ಏರ್ಪಾಡು ಮಾಡಿಕೊಳ್ಳಬಹುದು" ಎಂದಿತ್ತು. ನನಗೆ ನಿಜವಾಗಿಯೂ ಕೋಪ ಬಂತು. ಮಾತ್ರೆಯ ಹಿಂದಿನ ಅಕ್ಷರ ಓದುವವರು ತಮ್ಮದೇ ಕಾಗದದ ಸಾಲನ್ನು ನಮಗೆ ಓದಿ ಹೇಳಬೇಕಿತ್ತು.

ಹಣ ಕೊಟ್ಟೆವು. ಹೋಗದೆ ಬರುವಂತಿರಲಿಲ್ಲ. ನಮ್ಮ ಯಜಮಾನರು ನೀರಾವರಿ ಇಲಾಖೆಯಲ್ಲಿದ್ದವರು, ಮನೆಯಲ್ಲಿ ಮಳೆಗಾಲವೆಂದರೆ ಕನ್ನಂಬಾಡಿ ಕಟ್ಟೆಯ ಮಟ್ಟ 124.80 ಅಡಿ ಮುಟ್ಟಿತೇ ಎಂಬುದೊಂದೇ ಮಾತು. ಅವರ ಅಜ್ಜಿಯ ತವರೂರು ಆ ಕಟ್ಟೆಯ ನೀರಿನಲ್ಲಿ ಮುಳುಗಿದ ಹಳ್ಳಿ. ಬೆಳಗಿನ ಜಾವ ನಾಲ್ಕಕ್ಕೆ ಆಸ್ವಾನ್ ಬಿಟ್ಟು, ಮರಳುಗಾಡಿನಲ್ಲಿ ಇನ್ನೂರೆಂಬತ್ತು ಕಿಲೋಮೀಟರಿನಷ್ಟು ಹೋಗಿ ಇಳಿದರೆ, ಬಂಡೆಯಲ್ಲಿ ಕಡೆದ ರಾಮ್ಸೆಸ್ ದೊರೆಯ ನಾಲ್ಕು ಮೂರ್ತಿಗಳು ಸರೋವರಕ್ಕೆ ಮುಖ ಮಾಡಿ ಕುಳಿತಿದ್ದವು. ಆಸ್ವಾನ್ ಅಣೆಕಟ್ಟಿನ ನೀರು ಏರುವ ಮೊದಲು, 1964ರಿಂದ 1968ರವರೆಗೆ, ಗುಡಿಯನ್ನು ತುಂಡು ತುಂಡಾಗಿ ಕೊಯ್ದು ಅರವತ್ತೈದು ಮೀಟರ್ ಮೇಲಕ್ಕೆ ತಂದು ಜೋಡಿಸಿದ್ದಾರೆ. ಒಳಗೆ ಗೋಡೆಯ ಹತ್ತಿರ ನಿಂತು ಹುಡುಕಿದರೆ ಕೂದಲೆಳೆಯಂಥ ಗೆರೆ ಕಾಣುತ್ತದೆ. ಯಜಮಾನರು ಅದನ್ನು ಮುಟ್ಟದೆ, ಒಂದು ಅಂಗುಲ ದೂರದಲ್ಲಿ ಬೆರಳಾಡಿಸಿ, "ನಮ್ಮ ವೇಣುಗೋಪಾಲಸ್ವಾಮಿಯ ಹಾಗೆಯೇ ಕಣೇ" ಎಂದರು. ಬರಗಾಲದಲ್ಲಿ ಕಟ್ಟೆಯ ನೀರು ತಳ ಕಂಡಾಗ ಆ ಗುಡಿ ಹೊರಗೆ ಕಾಣುತ್ತಿತ್ತು, ಆಮೇಲೆ ಕಲ್ಲು ಕಲ್ಲನ್ನೂ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ನಿಲ್ಲಿಸಿದರು. ಆಸ್ವಾನ್ ಅಣೆಕಟ್ಟಿನ ನೀರಿಗಾಗಿ ಅಲ್ಲಿನ ನ್ಯೂಬಿಯನ್ ಜನರೂ ಹಳ್ಳಿಗಳನ್ನು ಬಿಟ್ಟು ಎದ್ದು ಹೋದವರೇ. ಹೊರಗೆ ಬಂದ ಮೇಲೂ ಯಜಮಾನರು ಬಹಳ ಹೊತ್ತು ನೀರನ್ನೇ ನೋಡುತ್ತ ನಿಂತಿದ್ದರು, ನಾನು ಕರೆಯಲಿಲ್ಲ.

ಎರಡನೆಯ ದೂರು ಕಾರ್ಡಿನದು. ಗೀಜಾದಲ್ಲಿ ದೊಡ್ಡ ಪಿರಮಿಡ್ಡಿನ ಒಳಗೆ ಹೋಗಲು ಪ್ರತ್ಯೇಕ ಟಿಕೆಟ್. ಅಲ್ಲಿನ ಕೌಂಟರಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡೇ ಬೇಕು. ನಮ್ಮ ದೇಶದ ಕಾರ್ಡುಗಳು ವಿದೇಶದಲ್ಲಿ ನಡೆಯಬೇಕಾದರೆ ಬ್ಯಾಂಕಿಗೆ ಹೇಳಿ ಅಥವಾ ಮೊಬೈಲಿನಲ್ಲಿ ನಾವೇ ಅದನ್ನು ತೆರೆದುಕೊಳ್ಳಬೇಕು. ಈ ಮಾತನ್ನು ಕಚೇರಿಯವರು ಹೇಳಿರಲಿಲ್ಲ. ಕೈಯಲ್ಲಿ ಈಜಿಪ್ಟಿನ ಪೌಂಡಿನ ನೋಟು ಹಿಡಿದುಕೊಂಡು ನಿಂತಿದ್ದ ನನಗೆ ಹುಬ್ಬಳ್ಳಿಯ ಒಬ್ಬ ಸಹಪ್ರಯಾಣಿಕರು ತಮ್ಮ ಕಾರ್ಡಿನಲ್ಲಿ ಕೊಡಿಸಿದರು. ಬಗ್ಗಿಕೊಂಡೇ ಹತ್ತಬೇಕಾದ ಇಕ್ಕಟ್ಟಿನ ದಾರಿ. ಮಂಡಿನೋವಿನವರು ಹೋಗಬಾರದು, ನಾನೊಬ್ಬಳೇ ಹತ್ತಿ ಬಂದೆ.

ಊಟಕ್ಕೆ ನಮ್ಮಂಥ ಸಸ್ಯಾಹಾರಿಗಳು ಹೆದರಬೇಕಿಲ್ಲ. ಅನ್ನ, ಮಸೂರ ಬೇಳೆ, ಮ್ಯಾಕರೋನಿ, ಕಡಲೆಕಾಳುಗಳ ಮೇಲೆ ಟೊಮ್ಯಾಟೊ ಸಾರು ಸುರಿದು, ಗರಿಗರಿ ಹುರಿದ ಈರುಳ್ಳಿ ಉದುರಿಸಿ ಕೊಡುವ ಕೊಶರಿ ಎಂಬುದು ಬೀದಿ ಬೀದಿಯಲ್ಲೂ ಸಿಗುತ್ತದೆ. ಕಬ್ಬಿನ ಹಾಲೂ ಸಿಗುತ್ತದೆ, ಮಂಡ್ಯದವಳಾಗಿ ಹೇಳುತ್ತೇನೆ, ಚೆನ್ನಾಗಿದೆ. ಬಕ್ಷೀಸು ಎಂಬ ಮಾತಂತೂ ಅಲ್ಲಿಯೂ ಬಕ್ಷೀಸೇ. ಶೌಚಾಲಯದ ಬಾಗಿಲಿನಿಂದ ಗೋರಿಯ ಬಾಗಿಲಿನವರೆಗೂ ಕೇಳುತ್ತಾರೆ, ಐದು ಹತ್ತು ಇಪ್ಪತ್ತು ಪೌಂಡಿನ ಚಿಲ್ಲರೆ ನೋಟುಗಳನ್ನು ಬೇರೆಯಾಗಿ ಇಟ್ಟುಕೊಳ್ಳಿ. ಒಂಟೆಯ ಮೇಲೆ ಹತ್ತುವ ಮೊದಲೇ, ಇಳಿಸುವುದೂ ಸೇರಿ ಎಷ್ಟು ಎಂದು ಗಟ್ಟಿಯಾಗಿ ಮಾತಾಡಿಕೊಳ್ಳಿ. ಜನವರಿಯ ರಾತ್ರಿಗೆ ಸ್ವೆಟರ್ ಬೇಕೇ ಬೇಕು.

ಹಿಂದಿರುಗಿದ ಮೇಲೆ ಕುವೆಂಪುನಗರಕ್ಕೆ ಹೋಗಿ ಎರಡೂ ದೂರುಗಳನ್ನು ಎದುರಿಗೇ ಹೇಳಿದೆ. ಅಬು ಸಿಂಬೆಲ್‌ನ ಹಣ ಹಿಂದಕ್ಕೆ ಬರಲಿಲ್ಲ. ಮಾಲೀಕರು ಕ್ಷಮೆ ಕೇಳಿದರು, ಅಷ್ಟೆ. ಆ ಹುಡುಗಿ ಮಾತ್ರ ಡ್ರಾಯರಿನಿಂದ ಪ್ರಯಾಣಿಕರಿಗೆ ಕೊಡುವ ಸೂಚನೆಗಳ ಹಾಳೆ ತೆಗೆದು, ಮಾತ್ರೆಯ ಸಾಲಿನ ಕೆಳಗೆ ಕಾರ್ಡಿನ ವಿಷಯವನ್ನು ಪೆನ್ನಿನಲ್ಲಿ ಬರೆದುಕೊಂಡಳು. ನನ್ನ ನಾದಿನಿಯ ಪಾಸ್‌ಪೋರ್ಟನ್ನು ಅವಳ ಕೈಗೇ ಕೊಟ್ಟು ಬಂದಿದ್ದೇನೆ, ಅಕ್ಟೋಬರ್ 22ಕ್ಕೆ.