ಸಣ್ಣ ಹೊಳೆಯ ಚಮ್ ಸಾಲ್ಮನ್‌ಗೆ ಸ್ಪಿನ್ನರೋ, ಮೊಟ್ಟೆಯೋ, ಬೆಂಡು-ಜಿಗ್ಗೋ?

ಚಮ್ ಎಂಬ ಜಾತಿಯ ಸಾಲ್ಮನ್ ಮೀನಿಗೆ ಯಾವ ಗಾಳ ಅಂದರೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಬೆಂಡಿನ ಕೆಳಗೆ ತೂಗುವ ಜಿಗ್‌ಗೆ, ಅಂದರೆ ಸೀಸದ ತಲೆಯ ಕೊಕ್ಕೆಗೆ. ಮೂರು ನವೆಂಬರ್ ಹೊಳೆಯಲ್ಲಿ ನಿಂತು ಬಂದ ಮೇಲೆ ಸ್ಪಿನ್ನರ್ (ತಿರುಗುವ ಲೋಹದ ಎಲೆಯ ಗಾಳ) ಡಬ್ಬಿ ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿದೆ, ಎರೆಗೆ ಹಾಕುವ ಮೀನಿನ ಮೊಟ್ಟೆಗೆ ನಮ್ಮ ಫ್ರಿಜ್ಜಿನಲ್ಲಿ ಪ್ರವೇಶವಿಲ್ಲ. ಆದರೆ ಈ ಜಿಗ್ ಕೂಡ ನನಗೆ ಸುಮ್ಮನೆ ಒಲಿಯಲಿಲ್ಲ. ಅದರ ಜೊತೆ ಕೊಂಡ ಒಂದು ತಪ್ಪು ಬೆಂಡು ಒಂದಿಡೀ ಸೀಸನ್ ನುಂಗಿತು. ನಿಜವಾಗಿ ಹೇಳಬೇಕಾದದ್ದು ಅದನ್ನೇ, ಅಲ್ಲಿಗೆ ಬರುತ್ತೇನೆ.

ಹೊಳೆ ಯಾವುದು ಅಂದರೆ ಕೆನಡಿ ಕ್ರೀಕ್. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಒಲಿಂಪಿಯಾ ದಾಟಿ 101ನೇ ಹೆದ್ದಾರಿಯಲ್ಲಿ ಶೆಲ್ಟನ್ ಕಡೆ ಹೋಗುವಾಗ ಸಿಗುತ್ತದೆ. ಸಮಿಟ್ ಲೇಕಿನಿಂದ ಹೊರಟು ಟಾಟನ್ ಇನ್‌ಲೆಟ್ ಎಂಬ ಸಮುದ್ರದ ಕವಲಿಗೆ ಸೇರುವ ನೀರು. ಹೊಳೆ ಅನ್ನುವುದೂ ಜಾಸ್ತಿಯೇ, ತೀರ್ಥಹಳ್ಳಿ ಕಡೆಯಾಗಿದ್ದರೆ ಹಳ್ಳ ಅನ್ನುತ್ತಿದ್ದೆವು. ಎದುರು ದಡದವನು ಥರ್ಮಾಸ್ ಮುಚ್ಚಳ ತಿರುಗಿಸಿದ ಸದ್ದು ಈಚೆಗೆ ಕೇಳುತ್ತದೆ. ಅಷ್ಟು ಸಣ್ಣ ನೀರಿಗೆ ನವೆಂಬರಿನಲ್ಲಿ ನಾಲ್ಕೈದು ಕಿಲೋ ತೂಗುವ ಚಮ್ ಸಾಲ್ಮನ್ ಸಾವಿರಗಟ್ಟಲೆ ಏರುತ್ತವೆ. ಮೇಲ್ಭಾಗದಲ್ಲಿ ಶಾಲಾ ಮಕ್ಕಳು ಬಂದು ಮೀನು ನೋಡುವ ಸಾಲ್ಮನ್ ಟ್ರೇಲ್ ಇದೆ, ಅಲ್ಲಿ ಗಾಳದ ಮಾತೇ ಇಲ್ಲ. ಗಾಳ ಹಾಕುವುದು ಕೆಳಗೆ, ಸಮುದ್ರಕ್ಕೆ ಹತ್ತಿರದಲ್ಲಿ. ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಮೀನು ಎಂಬುದನ್ನು ಹೋಗುವ ಮುಂಚೆ ಆ ವರ್ಷದ ನಿಯಮದಲ್ಲಿ ನೋಡಿಕೊಳ್ಳಿ. ವರ್ಷದ ನಡುವೆಯೂ ಬದಲಾಗುತ್ತದೆ.

ಮೊದಲ ವರ್ಷ ನೋಡಿದಾಗ ನೆನಪಾದದ್ದು ನಮ್ಮ ಹತ್ಮೀನು. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆಯಿಂದ ಗದ್ದೆಗೆ ಮೀನು ಹತ್ತುತ್ತವಲ್ಲ, ಬ್ಯಾಟರಿ ಹಿಡಿದು ರಾತ್ರಿಯೆಲ್ಲ ಓಡಾಡುತ್ತೇವಲ್ಲ, ಥೇಟ್ ಅದೇ ಗಡಿಬಿಡಿ. ಇಲ್ಲಿಯೂ ಮಳೆ ಬಿದ್ದು ನೀರೇರಿದರೆ, ಸಮುದ್ರದ ಭರತ ಬಂದರೆ, ಮೀನು ಒಳಗೆ. ವ್ಯತ್ಯಾಸ ಇಷ್ಟೇ: ಸಿಹಿನೀರಿಗೆ ಬಂದ ಚಮ್ ಊಟ ಬಿಟ್ಟಿರುತ್ತದೆ. ಮೊಟ್ಟೆ ಇಟ್ಟು ಸಾಯುವುದೊಂದೇ ಬಾಕಿ. ಹೊಟ್ಟೆ ಹಸಿಯದ ಮೀನಿನ ಬಾಯಿ ತೆರೆಸಬೇಕು. ಅದು ಕಚ್ಚುವುದು ಸಿಟ್ಟಿಗೆ, ಕಿರಿಕಿರಿಗೆ, ಹಳೆಯ ಅಭ್ಯಾಸಬಲಕ್ಕೆ. ಕೆಳಗಿನ ಹೋಲಿಕೆಯೆಲ್ಲ ನಿಂತಿರುವುದು ಇದರ ಮೇಲೆ.

ಸ್ಪಿನ್ನರ್ ಕೊಂಡದ್ದು ಆಸೆಗೆ. ಹಿತ್ತಾಳೆ ಎಲೆ ಗಿರಗಿರ ತಿರುಗುತ್ತ ಬರುವುದನ್ನು ನೋಡಿದರೆ ನಾನೇ ಕಚ್ಚಬೇಕು ಅನ್ನಿಸುತ್ತಿತ್ತು. ಒಂದಕ್ಕೆ ಆರೇಳು ಡಾಲರ್. ದೊಡ್ಡ ನದಿಯಲ್ಲಿ, ಕೊಹೊ ಎಂಬ ಇನ್ನೊಂದು ಜಾತಿಯ ಸಾಲ್ಮನ್‌ಗೆ ಅದು ರಾಜ, ಒಪ್ಪುತ್ತೇನೆ. ಈ ಹಳ್ಳದಲ್ಲಿ ಮಾತ್ರ ನನಗದು ಎರಡು ಕಡೆಯಿಂದ ಕೈಕೊಟ್ಟಿತು. ಒಂದು, ನೀರೊಳಗೆ ಬಿದ್ದಿರುವ ಆಲ್ಡರ್ ಮರದ ಬೊಡ್ಡೆಗಳು. ಅಡ್ಡಕ್ಕೆ ಎಳೆಯುವ ಯಾವುದೇ ಗಾಳ ನಾಲ್ಕನೇ ಎಸೆತಕ್ಕೆ ಬೇರಿಗೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಒಂದು ಗುಂಡಿಯಲ್ಲಿ ಮೂವತ್ತು ನಲವತ್ತು ಮೀನು ಒತ್ತೊತ್ತಾಗಿ ನಿಂತಿರುವಾಗ ಅವುಗಳ ಮಧ್ಯೆ ಕೊಕ್ಕೆ ಎಳೆದರೆ ಅದು ಬಾಯಿಗೆ ಸಿಗುವುದಕ್ಕಿಂತ ಬೆನ್ನಿಗೆ, ರೆಕ್ಕೆಗೆ, ಬಾಲಕ್ಕೆ ಸಿಗುವುದೇ ಹೆಚ್ಚು. ಇಲ್ಲಿನ ಕಾನೂನಿನಲ್ಲಿ ಬಾಯೊಳಗೆ ಸಿಕ್ಕಿದ ಸಾಲ್ಮನ್ ಮಾತ್ರ ನಿಮ್ಮದು, ಹೊರಗೆ ಚುಚ್ಚಿದ್ದನ್ನು ಬಿಟ್ಟುಬಿಡಬೇಕು. ಬಾಲಕ್ಕೆ ಸಿಕ್ಕಿದ ಐದು ಕಿಲೋ ಮೀನನ್ನು ದಡಕ್ಕೆ ತರುವಷ್ಟರಲ್ಲಿ ಅದರ ಉಸಿರೂ ನನ್ನ ಉಸಿರೂ ಹೋಗಿರುತ್ತದೆ. ಬೇಕೆಂದೇ ಹಾಗೆ ಎಳೆಯುವವರೂ ಇದ್ದಾರೆ ಅನ್ನಿ. ಅಂಥವರ ಪಕ್ಕ ನಿಂತು ನಾನೂ ಅದೇ ಮಾಡುತ್ತಿದ್ದೇನೆ ಅನ್ನಿಸಿದ ದಿನ ಸ್ಪಿನ್ನರ್ ಬಿಟ್ಟೆ.

ಮೊಟ್ಟೆಯ ಪ್ರಯೋಗ ಇಲ್ಲಿ ಮಾಡಿದ್ದಲ್ಲ, ಕೊಹೊ ಬರುವ ಬೇರೊಂದು ಹೊಳೆಯಲ್ಲಿ. ಹೆಣ್ಣು ಸಾಲ್ಮನ್‌ನ ಮೊಟ್ಟೆಯ ಗೊಂಚಲನ್ನು ಬೊರಾಕ್ಸು, ಉಪ್ಪು, ಸಕ್ಕರೆ, ಬಣ್ಣ ಹಾಕಿ ಹದ ಮಾಡಿ ಫ್ರಿಜ್ಜಿನಲ್ಲಿಟ್ಟು, ತುಂಡು ಕತ್ತರಿಸಿ ಕೊಕ್ಕೆಗೆ ಸಿಕ್ಕಿಸುವುದು. ಕೊಹೊಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ ಅನ್ನುತ್ತಾರೆ, ನನಗೂ ಎರಡು ಸಿಕ್ಕಿದವು. ಆದರೆ ಬೆರಳು ನಾಲ್ಕು ದಿನ ಗುಲಾಬಿ, ಸೋಮವಾರದ ಮೀಟಿಂಗಿನಲ್ಲಿ ಕೈ ಮೇಜಿನ ಕೆಳಗೆ. ಆಗ ಅಮ್ಮ ಊರಿಂದ ಬಂದಿದ್ದರು. ಡಬ್ಬಿಯ ಮುಚ್ಚಳ ತೆಗೆದವರೇ, "ಇಷ್ಟು ಚಂದದ ಮೊಟ್ಟೆ ಮೀನಿಗ್ಯಾಕೋ ಹಾಕ್ತೀಯ, ಮಾರಾಯ? ಹುರಿದಿದ್ರೆ ಎರಡು ಹೊತ್ತಿಗೆ ಆಗ್ತಿತ್ತಲ್ಲೋ" ಅಂದರು. ಬೊರಾಕ್ಸ್ ಹಾಕಿದ್ದೇನೆ, ತಿನ್ನಬಾರದು ಅಂದದ್ದಕ್ಕೆ ಇನ್ನೂ ಸಿಟ್ಟಾದರು. ಹೆಂಡತಿಯ ಸಿಟ್ಟು ಬೇರೆ ಕಾರಣಕ್ಕೆ: ಆ ಡಬ್ಬಿ ಮೊಸರಿನ ಪಕ್ಕದಲ್ಲಿತ್ತು. ಕೆಲವು ಹೊಳೆಗಳಲ್ಲಿ ಇಂಥ ಎರೆಗೆ ಅನುಮತಿಯೂ ಇರುವುದಿಲ್ಲ. ಚಮ್‌ಗಂತೂ ಇಷ್ಟೆಲ್ಲ ರಾಮಾಯಣ ಬೇಕಿಲ್ಲ.

ಫ್ಲೈ ಗಾಳ, ಅಂದರೆ ಹುಳದಂತೆ ಕಟ್ಟಿದ ಹಗುರ ಕೊಕ್ಕೆಯನ್ನು ದಾರ ಹಿಂದಕ್ಕೆ ಬೀಸಿ ಎಸೆಯುವುದು, ನನ್ನ ಗೆಳೆಯನ ಧರ್ಮ. ಅವನು ಚೆನ್ನಾಗಿಯೇ ಹಿಡಿಯುತ್ತಾನೆ. ನನ್ನ ಬೆನ್ನ ಹಿಂದೆ ಯಾವಾಗಲೂ ಒಂದು ಕೊಂಬೆ ಇರುತ್ತದೆ, ಅಷ್ಟೇ.

ಈಗ ಜಿಗ್. ಸೀಸದ ಸಣ್ಣ ತಲೆ, ಒಂದೇ ಕೊಕ್ಕೆ, ಹಿಂದೆ ಮೆತ್ತನೆ ಗರಿ. ಕಾಲು ಔನ್ಸ್, ಅಂದರೆ ಸುಮಾರು ಏಳು ಗ್ರಾಂ. ಚಮ್‌ಗೆ ಕಡುಗುಲಾಬಿ ಇಲ್ಲವೇ ನೇರಳೆ. ಎರೆಗೆ ಅನುಮತಿಯಿರುವ ಕಡೆಯಾದರೆ ತುದಿಗೆ ಉಗುರಿನಷ್ಟು ಸಿಗಡಿ. ಬೆಂಡಿನ ಕೆಳಗೆ ತೂಗಿ, ಗುಂಡಿಯ ಮೇಲ್ಗಡೆ ಮೆಲ್ಲಗೆ ಹಾಕಿದರೆ, ನೀರು ತಾನೇ ಅದನ್ನು ಮೀನಿನ ಮೂಗಿನ ಮುಂದೆ ಒಯ್ಯುತ್ತದೆ. ನಾವು ಎಳೆಯುವುದಿಲ್ಲ, ಹಾಗಾಗಿ ಬೆನ್ನಿಗೆ ಚುಚ್ಚುವುದು ಬಹಳ ಕಡಿಮೆ. ಮೀನೇ ಬಂದು ಬಾಯಿ ಹಾಕಬೇಕು. ನೆಲದಿಂದ ಅರ್ಧ ಅಡಿ, ಹೆಚ್ಚೆಂದರೆ ಒಂದಡಿ ಮೇಲೆ ಜಿಗ್ ತೇಲಬೇಕು, ಏಕೆಂದರೆ ಚಮ್ ನಿಲ್ಲುವುದು ತಳದಲ್ಲಿ. ಈ ಅರ್ಧ ಅಡಿಯೇ ನನ್ನನ್ನು ಕೊಂದದ್ದು.

ಅಂಗಡಿಯಲ್ಲಿ ಕೊಡಿಸಿದ್ದು ಜಾರುಬೆಂಡು. ಬೆಂಡಿನ ನಡುವಿನ ತೂತಿನಲ್ಲಿ ದಾರ ಸಲೀಸಾಗಿ ಜಾರುತ್ತದೆ, ಎಷ್ಟು ಆಳ ಬೇಕೋ ಅಲ್ಲಿ ದಾರದ ಮೇಲೆ ನೂಲಿನ ಒಂದು ಸಣ್ಣ ಗಂಟು. ಬೆಂಡು ಆ ಗಂಟಿಗೆ ಬಂದು ನಿಲ್ಲುತ್ತದೆ. ಎಸೆಯುವಾಗ ಬೆಂಡು ಕೆಳಗಿಳಿದು ಜಿಗ್ಗಿನ ಹತ್ತಿರ ಇರುವುದರಿಂದ ದೂರ ಹೋಗುತ್ತದೆ, ಎಷ್ಟು ಆಳಕ್ಕೆ ಬೇಕಾದರೂ ಹೊಂದುತ್ತದೆ. ಕೇಳುವುದಕ್ಕೆ ಬಹಳ ಚೆಂದ. ಹನ್ನೆರಡರ ಒಂದು ಪ್ಯಾಕೆಟ್ಟೇ ತಂದೆ.

ಮೊದಲ ದಿನ ಒಂಬತ್ತು ಜಿಗ್ ಹೋದವು. ಬೆಳಿಗ್ಗೆ ಎಲ್ಲ ಸರಿ, ಎರಡು ಮೀನು ಮುಟ್ಟಿದವು. ಹತ್ತು ಗಂಟೆಯ ಹೊತ್ತಿಗೆ ಬೆಂಡು ಓರೆಯಾಗಿ ತೇಲಲು ಶುರು. ಓರೆಯಾಯಿತು ಅಂದರೆ ಕಚ್ಚಿತು ಅಂದುಕೊಂಡು ಜಗ್ಗಿದೆ. ಬೇರು. ಮತ್ತೆ ಕಟ್ಟಿದೆ, ಓರೆ, ಜಗ್ಗಿದೆ, ಬೇರು. ಜಗ್ಗಿದಷ್ಟೂ ಕೊಕ್ಕೆ ಮರದೊಳಗೆ ಹೋಗುತ್ತದೆ, ಕೊನೆಗೆ ದಾರ ಕೈಗೆ ಸುತ್ತಿ ಕಡಿಯುವುದೇ ಗತಿ. ಗಾಳಿಯನ್ನು ಬೈದೆ. ಇಳಿತದಲ್ಲಿ ನೀರು ಕಡಿಮೆಯಾಯಿತು ಅಂದುಕೊಂಡೆ. ಬೆಂಡು ಹಗುರವಾಯಿತೆಂದು ಇನ್ನೂ ದಪ್ಪದ್ದು ಹಾಕಿದೆ. ಎದುರು ದಡದಲ್ಲಿ ಕೆಲವರು ಇಲ್ಲಿನ ಮೂಲನಿವಾಸಿ ಟ್ರೈಬ್‌ನವರ ಬಲೆಯಿಂದಾಗಿ ಮೀನಿಲ್ಲ ಎಂದು ಗೊಣಗುತ್ತಿದ್ದರು. ಅಮೆರಿಕ ಸರ್ಕಾರದೊಂದಿಗಿನ 1854ರ ಮೆಡಿಸಿನ್ ಕ್ರೀಕ್ ಒಪ್ಪಂದದಲ್ಲಿ ಟ್ರೈಬ್‌ನವರು ಉಳಿಸಿಕೊಂಡ ಹಕ್ಕು ಅದು, 1974ರಲ್ಲಿ ನ್ಯಾಯಾಧೀಶ ಬೋಲ್ಟ್ ಅವರ ತೀರ್ಪು ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಅವರದೆಂದು ಎತ್ತಿಹಿಡಿದಿದೆ. ಕಾಲ ಬುಡದಲ್ಲಿ ಮೀನು ಹೊರಳಾಡುತ್ತಿರುವಾಗ ಬಲೆಯನ್ನು ದೂರುವವರನ್ನು ನೋಡಿ ನಗು ಬಂತು. ಆಮೇಲೆ ಯೋಚಿಸಿದರೆ ನಾನೂ ಗಾಳಿಯನ್ನು ಬೈಯುತ್ತಿದ್ದೆ.

ಮುಂದಿನ ಶನಿವಾರ ಮಗಳ ಕಪ್ಪು ಮಾರ್ಕರ್ ಪೆನ್ನು ತೆಗೆದುಕೊಂಡು ಹೋದೆ. ಗಂಟಿನ ಪಕ್ಕ ದಾರಕ್ಕೆ ಒಂದು ಗುರುತು ಹಾಕಿದೆ. ಹತ್ತು ಎಸೆತ ಆದ ಮೇಲೆ ನೋಡಿದರೆ ಗಂಟು ಗುರುತಿನಿಂದ ಒಂದು ಗೇಣು ಮೇಲಿತ್ತು, ಇನ್ನು ಹತ್ತು ಎಸೆತಕ್ಕೆ ಒಂದು ಮೊಳ. ಕಳ್ಳ ಸಿಕ್ಕಿದ. ನನ್ನ ರೀಲಿನಲ್ಲಿದ್ದದ್ದು ಹೆಣೆದ ದಾರ, ನೈಲಾನಿಗಿಂತ ತೆಳು, ನುಣುಪು. ಪ್ರತಿ ಸಲ ಜಗ್ಗಿದಾಗಲೂ ಬೆಂಡು ಗಂಟನ್ನು ಸ್ವಲ್ಪ ಮೇಲೆ ನೂಕುತ್ತಿತ್ತು, ಜಿಗ್ ಅಷ್ಟು ಕೆಳಗಿಳಿಯುತ್ತಿತ್ತು. ಬೆಂಡು ಓರೆಯಾಗುತ್ತಿದ್ದದ್ದು ಜಿಗ್ ತಳದಲ್ಲಿ ತೆವಳುತ್ತಿದ್ದದ್ದಕ್ಕೆ.

ಗೊತ್ತಾದ ಮೇಲೂ ಬುದ್ಧಿ ಬರಲಿಲ್ಲ. ಒಂದರ ಬದಲು ಎರಡು ಗಂಟು ಹಾಕಿದೆ, ಎರಡೂ ಜೊತೆಯಾಗಿ ಜಾರಿದವು. ರಬ್ಬರಿನ ಮಣಿ ತಂದೆ, ಅದು ಕೋಲಿನ ತುದಿಯ ಉಂಗುರದಲ್ಲಿ ಟಕ್ ಟಕ್ ಎಂದು ಸಿಕ್ಕಿ, ಮಧ್ಯಾಹ್ನದೊಳಗೆ ಹರಿದುಹೋಯಿತು. ಹೆಣೆದ ದಾರದ ಮುಂದೆ ಹದಿನೈದು ಅಡಿ ನೈಲಾನ್ ಜೋಡಿಸಿದೆ. ಗಂಟು ನಿಂತಿತು, ಆದರೆ ಈಗ ಜೋಡಣೆಯ ಗಂಟು ಉಂಗುರಕ್ಕೆ ಸಿಕ್ಕಲು ಶುರು. ನವೆಂಬರಿನಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ನನ್ನ ಹಗಲಿನಲ್ಲಿ ಅರ್ಧ, ಮರಗಟ್ಟಿದ ಬೆರಳಲ್ಲಿ ಗಂಟು ಹಾಕುವುದಕ್ಕೇ ಹೋಯಿತು.

ಆಮೇಲೊಂದು ರಾತ್ರಿ ಪಾತ್ರೆ ತೊಳೆಯುತ್ತ ಲೆಕ್ಕ ಹಾಕಿದೆ. ನನ್ನ ಕೋಲು ಒಂಬತ್ತಡಿ. ಆ ಗುಂಡಿಗಳ ಆಳ ಮೂರಡಿ, ನಾಲ್ಕಡಿ. ಬೆಂಡು ಜಾರಬೇಕಾದದ್ದು ನೀರಿನ ಆಳ ಕೋಲಿನ ಉದ್ದವನ್ನು ಮೀರಿದಾಗ. ಸೊಂಟದ ಮಟ್ಟದ ನೀರಿಗೆ ಅದೆಲ್ಲ ಯಾಕೆ? ಮೇಲೊಂದು ಕೆಳಗೊಂದು ರಬ್ಬರ್ ಕೊಳವೆಯಿಂದ ದಾರಕ್ಕೆ ಬಿಗಿದು ಕೂರುವ ಸಾದಾ ಬೆಂಡು ಸಾಕಲ್ಲವೇ? ಎರಡು ಡಾಲರಿಗೂ ಕಡಿಮೆ. ಆಳ ಬದಲಿಸಬೇಕೆಂದರೆ ಕೈಯಿಂದ ಎಳೆದರೆ ಆಯಿತು, ಬಿಟ್ಟಲ್ಲೇ ನಿಲ್ಲುತ್ತದೆ. ದೂರ ಹೋಗುವುದಿಲ್ಲ, ನಿಜ. ಹತ್ತು ಹೆಜ್ಜೆ ಅಗಲದ ಹಳ್ಳದಲ್ಲಿ ದೂರ ಎಲ್ಲಿಗೆ ಹೋಗಬೇಕು? ಕೊಂಬೆಯ ಕೆಳಗಿಂದ, ಮೊಣಕೈ ಮಟ್ಟದಲ್ಲಿ ತೂಗಿ ಬಿಟ್ಟರೆ ಸಾಕು.

ಅದಾದ ಮೇಲಿನ ವರ್ಷ ಇಡೀ ಸೀಸನ್ನಿಗೆ ಕಳೆದುಕೊಂಡದ್ದು ಐದು ಜಿಗ್.

ಖರ್ಚಿನ ಮಾತು: ಅಂಗಡಿಯಲ್ಲಿ ಜಿಗ್ ಒಂದಕ್ಕೆ ಮೂರು ಡಾಲರ್. ಸೀಸದ ತಲೆಯ ಕೊಕ್ಕೆ ತಂದು ಗರಿ ನಾನೇ ಕಟ್ಟಿದರೆ ಒಂದು ಡಾಲರಿನ ಒಳಗೆ. ಮಳೆಯ ಸಂಜೆಗಳಲ್ಲಿ ಮಗಳೂ ಕೂತು ಕಟ್ಟುತ್ತಾಳೆ, ಅವಳದ್ದು ಅಂದ, ನನ್ನದು ಗಟ್ಟಿ. ಕೊಕ್ಕೆಯ ತುದಿಯ ಹಿಮ್ಮುಳ್ಳನ್ನು ಮೊದಲೇ ಇಕ್ಕಳದಲ್ಲಿ ಒತ್ತಿಬಿಡುತ್ತೇನೆ, ಬಿಡಬೇಕಾದ ಮೀನನ್ನು ನೀರಲ್ಲಿದ್ದಂತೆಯೇ ಬಿಡಿಸಬಹುದು.

ನನ್ನ ಆಯ್ಕೆಗೆ ಅರ್ಧ ಕಾರಣ ಅವಳೇ. ಒಂಬತ್ತು ವರ್ಷದವಳಿಗೆ ಸ್ಪಿನ್ನರ್ ಎಸೆಯಲು ಕೊಟ್ಟರೆ ನನ್ನ ಕಿವಿಗೆ ಸಿಕ್ಕೀತು. ಬೆಂಡು ಹಾಗಲ್ಲ, ನೋಡುತ್ತಿರಬೇಕು, ಮುಳುಗಿದರೆ ಎತ್ತಬೇಕು. ಹದಿನೈದರ ಒಳಗಿನವರಿಗೆ ಇಲ್ಲಿ ಲೈಸೆನ್ಸ್ ಬೇಡ, ಆದರೆ ಸಾಲ್ಮನ್ ಹಿಡಿಯಲು ಕ್ಯಾಚ್ ಕಾರ್ಡ್ (ಹಿಡಿದ ಮೀನನ್ನು ಬರೆದಿಡುವ ಚೀಟಿ) ಬೇಕು. ವಾರಕ್ಕೆ ಒಂದು ಅರ್ಧ ದಿನ, ಅದೂ ಭರತ ಹಗಲಿನಲ್ಲಿ ಬರುವ ಶನಿವಾರ ಮಾತ್ರ ಸಿಗುವವನಿಗೆ ಇದು ಹೊಂದುತ್ತದೆ. ದಿನಾ ಹೋಗುವವರ, ಕೊಹೊ ಬೆನ್ನಟ್ಟುವವರ ಲೆಕ್ಕ ಬೇರೆ ಇರಬಹುದು.

ತಿನ್ನುವ ಆಸೆಯಿದ್ದರೆ ಬೆಳ್ಳಿ ಬಣ್ಣ ಉಳಿದಿರುವುದನ್ನು, ಸಮುದ್ರದ ಬಾಯಿಗೆ ಹತ್ತಿರದಲ್ಲಿ ಹಿಡಿಯಿರಿ. ಮೈಮೇಲೆ ನೇರಳೆ ಪಟ್ಟೆ ಬಂದು, ನಾಯಿಹಲ್ಲು ಕಾಣಿಸತೊಡಗಿದರೆ ಮಾಂಸ ಬೆಳ್ಳಗೆ ಸಪ್ಪೆ, ವಾಟೆಹುಳಿ ಹಾಕಿದರೂ ಸರಿಹೋಗುವುದಿಲ್ಲ. ಅಂಥದ್ದನ್ನು ನಾನು ಬಿಡುತ್ತೇನೆ. ಬಾಲದಿಂದ ಜಲ್ಲಿ ಕೆದರಿ ಗುಳಿ ಮಾಡುತ್ತಿರುವ ಹೆಣ್ಣು ಕಂಡರೆ ಅಲ್ಲಿ ಗಾಳ ಹಾಕುವುದೂ ಇಲ್ಲ, ಆ ಜಲ್ಲಿಯ ಮೇಲೆ ಕಾಲಿಡುವುದೂ ಇಲ್ಲ.

ಹನ್ನೆರಡು ಜಾರುಬೆಂಡುಗಳಲ್ಲಿ ಏಳು ಇನ್ನೂ ಹಾಗೇ ಇವೆ, ನಾಲ್ಕು ಪ್ಯಾಕೆಟ್ಟಿನಿಂದ ಹೊರಗೂ ಬಂದಿಲ್ಲ. ದೊಡ್ಡ ನದಿಗೆ ಹೋಗುವವರು ಸಿಯಾಟಲ್ ಹತ್ತಿರದ ರೆಂಟನ್ ಕಡೆ ಬಂದರೆ ಹೇಳಿ, ಕೊಟ್ಟುಬಿಡುತ್ತೇನೆ. ಮಾರ್ಕರ್ ಪೆನ್ನು ಮಾತ್ರ ನೀವೇ ತಂದುಕೊಳ್ಳಬೇಕು.