ಗೇಜ್ ಆರ್ ಅಂಡ್ ಆರ್: ಒಂದೇ ಮೈಕ್ರೋಮೀಟರ್, ಮೂರು ಲೆಕ್ಕ

ಗೇಜ್ ಆರ್ ಅಂಡ್ ಆರ್ ಎಂದರೆ, ಅಳತೆಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ಅಳೆಯುವ ಸಾಧನ (ಗೇಜ್) ಮತ್ತು ಅಳೆಯುವವರ ಪಾಲು ಎಷ್ಟು ಎಂದು ನೋಡುವ ಪರೀಕ್ಷೆ. ಮೈಕ್ರೋಮೀಟರ್ ಒಂದೇ. ಆದರೂ ಒಂದು ಲೆಕ್ಕ ಅದನ್ನು ಫೇಲ್ ಮಾಡಿತು, ಇನ್ನೊಂದು ಪಾಸ್ ಮಾಡಿತು. ಯಾವುದನ್ನು ನಂಬಬೇಕು ಎಂದು ತಿಳಿಯಲು ಮೂರನೆಯದನ್ನೂ ಹಾಕಿ ನೋಡಬೇಕಾಯಿತು.

ಅಳೆದದ್ದು ತೆಳು ಗೋಡೆಯ ಬುಷ್‌ಗಳ (ಕೊಳವೆಯಂಥ ಬಿಡಿಭಾಗಗಳ) ಹೊರ ವ್ಯಾಸ. ಮೊದಲು ರೇಂಜ್ ಮೆಥಡ್ ಹಿಡಿದೆ. 5 ಬುಷ್, 2 ಆಪರೇಟರ್, ಒಬ್ಬೊಬ್ಬರಿಂದ ಒಂದೊಂದೇ ರೀಡಿಂಗ್. ಪ್ರತಿ ಬುಷ್‌ಗೂ ಇಬ್ಬರ ನಡುವಿನ ವ್ಯತ್ಯಾಸ ತೆಗೆದು, ಅದರ ಸರಾಸರಿಯನ್ನು 1.19ರಿಂದ (5 ಪಾರ್ಟ್, 2 ಆಪರೇಟರ್ ಇರುವಾಗಿನ ಸ್ಥಿರಾಂಕ) ಭಾಗಿಸಿ, ಪ್ರೊಸೆಸ್‌ನ ಸ್ಟ್ಯಾಂಡರ್ಡ್ ಡೀವಿಯೇಷನ್ (ಅಳತೆಗಳು ಎಷ್ಟು ಹರಡಿವೆ ಎಂಬ ಅಂಕಿ) ಜೊತೆ ಹೋಲಿಸಿದರೆ ಮುಗಿಯಿತು. ಉತ್ತರ 30% ದಾಟಿತ್ತು. ವಾಹನ ಉದ್ಯಮದ ಸಂಘವಾದ ಎಐಎಜಿಯ ಕೈಪಿಡಿಯ ಪ್ರಕಾರ 10%ಗಿಂತ ಕಡಿಮೆ ಇದ್ದರೆ ಸರಿ, 30% ಮೀರಿದರೆ ಒಪ್ಪುವಂತಿಲ್ಲ. ಆದರೆ ದೋಷ ಗೇಜ್‌ನದೋ ಅಳೆಯುವವರದೋ ಎಂಬುದನ್ನು ಈ ವಿಧಾನ ಹೇಳುವುದಿಲ್ಲ. ಐದೇ ಪಾರ್ಟ್ ನೋಡಿ ಸುಮ್ನೆ ಗೇಜ್ ಬದಲಿಸುವುದು ಬೇಡ ಅನ್ನಿಸಿತು.

ಮುಂದೆ ಎಕ್ಸ್‌ಬಾರ್-ಆರ್, ಅಂದರೆ ಸರಾಸರಿ ಮತ್ತು ರೇಂಜ್ (ಗರಿಷ್ಠ-ಕನಿಷ್ಠದ ಅಂತರ) ಹಿಡಿದು ಮಾಡುವ ಲೆಕ್ಕ. 10 ಬುಷ್, 3 ಆಪರೇಟರ್, 3 ಸಲ: ಒಟ್ಟು 90 ರೀಡಿಂಗ್. ಯಾವ ಬುಷ್ ಎಂದು ಗೊತ್ತಾಗದಂತೆ ಕ್ರಮ ಕಲಸಿ ಕೊಟ್ಟೆ. ಒಬ್ಬರೇ ಮತ್ತೆ ಮತ್ತೆ ಅಳೆದಾಗ ಬರುವ ವ್ಯತ್ಯಾಸ, ಅಂದರೆ ರಿಪೀಟಬಿಲಿಟಿ, ತುಂಬಾ ಚಿಕ್ಕದಿತ್ತು. ಮೂವರ ಸರಾಸರಿಗಳೂ ಹೆಚ್ಚುಕಡಿಮೆ ಒಂದೇ. ಉತ್ತರ 10%ಗಿಂತ ಕೆಳಗೆ! ಆದರೂ ಮೊದಲಿನ ಅಂಕಿ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಅಷ್ಟು ಅಂತರ ಹೇಗೆ ಬಂತು?

ಅದೇ 90 ರೀಡಿಂಗ್‌ಗಳನ್ನು ಅನೋವಾಗೆ (ಒಟ್ಟು ವ್ಯತ್ಯಾಸವನ್ನು ಕಾರಣವಾರು ಪಾಲು ಮಾಡುವ ಲೆಕ್ಕ) ಹಾಕಿದೆ. ಗುಟ್ಟು ಅಲ್ಲಿತ್ತು. ಎಕ್ಸ್‌ಬಾರ್-ಆರ್ ಲೆಕ್ಕದಲ್ಲಿ ಜಾಗವೇ ಇಲ್ಲದ ಒಂದು ಪಾಲನ್ನು ಅನೋವಾ ಬೇರೆ ಮಾಡಿ ತೋರಿಸುತ್ತದೆ: ಆಪರೇಟರ್ ಮತ್ತು ಪಾರ್ಟ್ ನಡುವಿನ ಇಂಟರಾಕ್ಷನ್, ಅಂದರೆ ಆಪರೇಟರ್‌ಗಳ ನಡುವಿನ ವ್ಯತ್ಯಾಸ ಪಾರ್ಟ್‌ನಿಂದ ಪಾರ್ಟ್‌ಗೆ ಬದಲಾಗುವುದು. ನಮ್ಮಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದಾಗಿತ್ತು.

ಅಳೆಯುವಾಗ ಪಕ್ಕದಲ್ಲೇ ನಿಂತು ನೋಡಿದೆ. ಬುಷ್‌ಗಳು ಸ್ವಲ್ಪ ಓವಲ್. ಪ್ರತಿಯೊಂದರಲ್ಲೂ ಒಂದು ಎಣ್ಣೆ ತೂತು ಇದೆ. ಒಬ್ಬರು ತೂತು ಮೇಲೆ ಬರುವಂತೆ ಹಿಡಿಯುತ್ತಿದ್ದರು, ಇನ್ನೊಬ್ಬರು ಪಕ್ಕಕ್ಕೆ, ಮೂರನೆಯವರು ಓರೆಯಾಗಿ. ಪ್ರತಿ ಸಲವೂ ಅದೇ ಜಾಗ, ಹಾಗಾಗಿ ರಿಪೀಟಬಿಲಿಟಿ ಚೆನ್ನಾಗಿ ಬಂತು. ಓವಲ್ ಯಾವ ಕಡೆ ಇದೆ ಎನ್ನುವುದಕ್ಕೂ ತೂತಿಗೂ ಸಂಬಂಧವಿಲ್ಲ. ಒಂದು ಬುಷ್‌ನಲ್ಲಿ ಮೊದಲಿನವರ ರೀಡಿಂಗ್ ಜಾಸ್ತಿ, ಮತ್ತೊಂದರಲ್ಲಿ ಕಡಿಮೆ. ಹತ್ತು ಬುಷ್‌ಗಳ ಸರಾಸರಿಯಲ್ಲಿ ಎಲ್ಲ ಸಮ ಆಗಿಬಿಟ್ಟಿತು, ಅಲ್ವಾ? ರೇಂಜ್ ಮೆಥಡ್ ಒಂದೊಂದು ಬುಷ್‌ನಲ್ಲೂ ಇಬ್ಬರನ್ನು ಹೋಲಿಸುವುದರಿಂದ ಈ ವ್ಯತ್ಯಾಸ ಅದರಲ್ಲಿ ಸೇರಿಕೊಂಡಿತ್ತು. ನಾನು ಅನುಮಾನಿಸಿದ ಅಂಕಿಯೇ ಸತ್ಯಕ್ಕೆ ಹತ್ತಿರವಿತ್ತು.

ಹಾಗಾಗಿ ಕಂಪ್ಯೂಟರ್ ಇರುವಾಗ ನನ್ನ ಆಯ್ಕೆ ಅನೋವಾ. 90 ರೀಡಿಂಗ್ ತೆಗೆಯುವುದೇ ದೊಡ್ಡ ಕೆಲಸ, ಅಷ್ಟು ಮಾಡಿದ ಮೇಲೆ ಅರ್ಧ ಉತ್ತರಕ್ಕೆ ಒಪ್ಪಬಾರದು. ಆದರೆ ಅದರ ವರದಿಯಲ್ಲಿ ಎರಡು ಶೇಕಡಾ ಕಾಲಂ ಇರುತ್ತವೆ, ಅಲ್ಲಿ ಹುಷಾರಾಗಿರಬೇಕು. ಸ್ಟಡಿ ವೇರಿಯೇಷನ್ ಸ್ಟ್ಯಾಂಡರ್ಡ್ ಡೀವಿಯೇಷನ್ ಲೆಕ್ಕದ್ದು, ಕಾಂಟ್ರಿಬ್ಯೂಷನ್ ಅದರ ವರ್ಗದ ಲೆಕ್ಕದ್ದು. ಹಾಗಾಗಿ ಸ್ಟಡಿ ವೇರಿಯೇಷನ್‌ನ 30% ಎಂದರೆ ಕಾಂಟ್ರಿಬ್ಯೂಷನ್‌ನಲ್ಲಿ ಬರೀ 9%. ಕ್ಯಾಲ್ಕುಲೇಟರ್ ಮಾತ್ರ ಇದ್ದರೆ ಎಕ್ಸ್‌ಬಾರ್-ಆರ್ ಮಾಡಿ, ಆದರೆ ಪಾರ್ಟ್‌ವಾರು ಗ್ರಾಫ್ ಬರೆಯದೆ ಬಿಡಬೇಡಿ. ಮೂವರ ಗೆರೆಗಳು ಅಡ್ಡಾದಿಡ್ಡಿ ದಾಟಿದರೆ ಇಂಟರಾಕ್ಷನ್ ಕಣ್ಣಿಗೇ ಕಾಣುತ್ತದೆ. ರೇಂಜ್ ಮೆಥಡ್ ದಿಢೀರ್ ತಪಾಸಣೆಗೆ ಸಾಕು.

ಬುಷ್‌ಗಳ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದು, ಎಲ್ಲರೂ ಅಲ್ಲೇ ಅಳೆಯುವಂತೆ ಮಾಡಿ ಮತ್ತೆ ನೋಡಿದೆವು. ಇಂಟರಾಕ್ಷನ್ ಪಾಲು ಹೆಚ್ಚುಕಡಿಮೆ ಮಾಯವಾಯಿತು. ಬುಷ್ ಮಾತ್ರ ಓವಲ್ ಆಗಿಯೇ ಇದೆ. ಅದಕ್ಕೆ ಈಗ ಬೇರೆಯದೇ ಚೆಕ್ ಇಟ್ಟಿದ್ದೇವೆ.